ಅರ್ತ್ ಆಯ್ತಾ?

ಸಾಲಿಗ್ರಾಮ
೧೪ ಮೇ ೨೦೨೫, ಬುಧವಾರ

ಚಿರಂಜೀವಿ ಸೌಮ್ಯಶ್ರೀಗೆ,

ಹೆಸರಿಗಷ್ಟೇ ಸೌಮ್ಯಳಾದ ನಿನಗೆ ಅಪ್ಪಯ್ಯನ ಅನೇಕ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಬಿಡಿಸಿ ಹೇಳುವುದಾದರೆ ನಿನ್ನ ಅಮ್ಮ ಕ್ಷೇಮ. ನಾನು ಅವಳ ಕಣ್ಣಳತೆಯಲ್ಲಿ ಇರುವಷ್ಟು ಹೊತ್ತು ಕ್ಷೇಮ. ಅಲ್ಲಿ ನೀನೂ ಪದ್ದತ್ತೆಯೂ ಸೌಖ್ಯವೆಂದು ನಂಬಿದ್ದೇನೆ.

ಬರೆಯಲು ತಡವಾದದ್ದಕ್ಕೆ ಬೈಯಬೇಡ. ನೀನು ಆಸ್ಪತ್ರೆಯಿಂದ ಮನೆಗೆ ಬಾರದೆ ನೇರ ಕೆರಾಡಿಗೆ ಹೋಗಿ ಎರಡು ತಿಂಗಳಾಯಿತು. ಈ ಎರಡು ತಿಂಗಳಲ್ಲಿ ಮೂರು ಸಲ ಕಾಗದ ತೆಗೆದೆ. ಮೂರು ಸಲವೂ ಎರಡನೇ ಸಾಲಿಗೇ ಒಂದು ಶ್ಲೇಷೆ ಬಂದು ಕಾಲು ಚಾಚಿ ಕೂತಿತು. ಇದನ್ನು ಕಂಡರೆ ಮಗಳು ಕಾಗದವನ್ನು ಬಚ್ಚಲೊಲೆಗೆ ಹಾಕುತ್ತಾಳೆಂದು ನಾನೇ ಹರಿದೆ. ಫೋನಿನ ಕಥೆ ನಿನಗೆ ಗೊತ್ತಲ್ಲ. ಅತ್ತೆಯ ಮನೆಯಲ್ಲಿ ರೇಂಜು ಸಿಗುವುದು ಆ ಗೇರುಮರದ ಬುಡದಲ್ಲಿ ಮಾತ್ರ, ನಾನು ಮಾಡಿದಾಗಲೆಲ್ಲ ಅಲ್ಲಿ ನಿಂತಿರುವುದು ನನ್ನ ಅಕ್ಕ, ನಿನ್ನ ಪದ್ದತ್ತೆ ಮಾತ್ರ. "ಅವ್ಳ್ ಮರದ್ ಬುಡಕ್ಕೆ ಬತ್ತಿಲ್ಲೆ ಪ್ರೇಮ. ನಾನ್ ಎಂತ ಮಾಡುದ್, ಹೊತ್ಕಂಡ್ ಬಪ್ಪುಕ್ ಆತ್ತಾ?" ಎನ್ನುತ್ತಾಳೆ. ಹಾಗಾಗಿ ಅಂಚೆಯನ್ನು ನಂಬಿದೆ. ಸರಿಯಾಗಿ ಸ್ಟಾಂಪು ಹಚ್ಚಿದ್ದೇನೆ, ಹೆದರಬೇಡ. ಹಚ್ಚದಿದ್ದರೆ ಬೇರಿಂಗ್ ಪತ್ರವೆಂದು ಅಂಚೆಯವರು ನಿನ್ನಿಂದ ದಂಡ ಕೇಳುತ್ತಾರೆ. ನಮ್ಮ ಮನೆಯವರಿಗೆ ಮೋಟಾರಿಗೆ ಬೇರಿಂಗ್ ಹಾಕಿ ಗೊತ್ತೇ ಹೊರತು ಬಿಡಿಸಿಕೊಂಡು ಗೊತ್ತಿಲ್ಲವಲ್ಲ.

ನೋಡು, ಬಂದೇಬಿಟ್ಟಿತು. ಈ ಸಲ ಹರಿಯುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಜೂನ್ ಒಂದನೇ ತಾರೀಕಿನಿಂದ ನೀನು ಆ ಕಡೆಯ ಯಾವುದೋ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೀಯಂತೆ. ಇನ್ನು ಸಾಲಿಗ್ರಾಮಕ್ಕೆ ಬರುವುದಿಲ್ಲವಂತೆ. "ನನ್ನ ಟೂಲ್ ಎಲ್ಲ ಯಾರಿಗಾರೂ ಕೊಡುಕ್ ಹೇಳಿ" ಎಂದೆಯಂತೆ. ಅಕ್ಕ ಇದನ್ನು ಹೇಳುವಾಗ ನನ್ನ ಕೈಯಲ್ಲಿ ನಿನ್ನದೇ ನೋಸ್ ಪ್ಲೈಯರ್ ಇತ್ತು. ಯಾರಿಗೆ ಕೊಡಲಿ, ಮಗಾ? ಅದರ ಹಿಡಿಗೆ ನೀನು ಸುತ್ತಿದ ಹಳದಿ ಟೇಪಿನಲ್ಲಿ ನಿನ್ನ ಬೆರಳಿನ ಗುಳಿ ಬಿದ್ದಿದೆ. ಬೇರೆಯವರ ಬೆರಳು ಅದರಲ್ಲಿ ಕೂರುವುದಿಲ್ಲ. ನನ್ನದೇ ಕೂರುವುದಿಲ್ಲ.

ಕೈ ಸೋತಿದೆ, ಅದಕ್ಕೇ ಮಗಳು ವಿಶ್ರಾಂತಿಗೆ ಹೋಗಿದ್ದಾಳೆ ಎಂದು ಅಂಗಡಿಗೆ ಬಂದವರಿಗೆ ಹೇಳುತ್ತಿದ್ದೇನೆ. ಮೇ ತಿಂಗಳೆಂದರೆ ನಮಗೆ ಸುಗ್ಗಿ, ನಿನಗೆ ಗೊತ್ತು. ಬಾವಿಯಲ್ಲಿ ನೀರು ಇಳಿದಷ್ಟೂ ಅಂಗಡಿಯಲ್ಲಿ ಮೋಟಾರು ಏರುತ್ತದೆ. ಬಾಗಿಲಿನಿಂದ ನಿನ್ನ ಬೆಂಚಿನವರೆಗೆ ಸಾಲಾಗಿ ಮೋಟಾರುಗಳು ಕೂತಿವೆ, ಡಾಕ್ಟರರು ಇನ್ನೂ ಬಾರದ ದವಾಖಾನೆಯ ಹಾಗೆ. ಒಬ್ಬೊಬ್ಬರೂ ಒಳಗೆ ಇಣುಕಿ ಕೇಳುವುದು ಒಂದೇ ಪ್ರಶ್ನೆ. ಕೋಟದಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ನಮ್ಮ ಭೋಜರಾಜ ಮೊನ್ನೆ ಮೂರನೇ ಸಲ ಅದೇ ಐದು ಎಚ್‌ಪಿ ಮೋಟಾರು ಹೊತ್ತು ತಂದ.

"ಹ್ವಾಯ್ ಪ್ರೇಮಣ್ಣ, ಸೌಮ್ಯ ಇನ್ನೂ ಬರ್ಲಿಲ್ಯಾ?"

"ರಜೆ ಮೇಲೆ ಹೋಯಿದ್ಳ್. ಇಡ್ ಇಲ್ಲಿ, ನಾನ್ ಕಾಣ್ತೆ."

"ಅಡ್ಡಿಲ್ಲೆ, ಅವ್ಳ್ ಬಪ್ಪಲ್ಲಿವರಿಗೂ ಕಾಯ್ತೆ."

"ನಾನೂ ಮೋಟಾರ್ ಕಟ್ತೆ ಮಾರಾಯ. ಬೋರ್ಡಿನಾಗೆ ಇಪ್ಪುದ್ ನನ್ನ ಹೆಸ್ರೇ."

"ಬೋರ್ಡ್ ನಾನೂ ಓದಿದ್ದೆ. ಆರೆ ನೀವ್ ಕಟ್ಟಿರೆ ಮೋಟಾರ್ ಮಾತಾಡತ್ತ್. ಅವ್ಳ್ ಕಟ್ಟಿರೆ ಸುಮ್ನಿರತ್ತ್."

ಮೋಟಾರು ತಂದೆಯನ್ನು ಹೋಲುವುದು ತಪ್ಪೇ? ಬಿಚ್ಚಿ ನೋಡಿದೆ. ಗಿರಣಿಯ ಬೆಲ್ಟನ್ನು ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕೆಂದು ನೀನು ಅವನಿಗೆ ಎಷ್ಟು ಸಲ ಹೇಳಿದ್ದೀಯ. ಅವನು ಮದ್ದಳೆಯ ಹಾಗೆ ಬಿಗಿದಿದ್ದಾನೆ. ಆ ಬಿಗಿತವೆಲ್ಲ ಶಾಫ್ಟನ್ನು ಎಳೆದು ಬೇರಿಂಗ್ ತಿಂದಿದೆ. ಅದು ಕಿರುಗುಟ್ಟಿತೆಂದು ಪ್ರೀತಿಯಿಂದ ಗ್ರೀಸು ತುಂಬಿದ್ದಾನೆ, ತುಂಬಿದ್ದು ಬಿಸಿಯಾಗಿ ಕರಗಿ ಒಳಗಿನ ತಂತಿಯ ಕಾಯಿಲಿನ ಮೇಲೆಲ್ಲ ಇಳಿದಿದೆ. "ಗ್ರೀಸ್ ಹಾಕಿರೆ ಒಳ್ಳೇದಲ್ದಾ?" ಎಂದ. "ಗಂಜಿಗೆ ಉಪ್ಪ್ ಒಳ್ಳೇದಂತ ಸೇರ್ಗಟ್ಲೆ ಹಾಕ್ತ್ರಾ? ಕಾಣ್, ಕಾಯಿಲಿಗೇ ಬಂತ್ ಕಾಯಿಲೆ" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಊರಿನವರೆಲ್ಲ ಹಾಗೇ, ನಾನು ಬಾಯಿ ತೆರೆದರೆ ಸಾಕು ನಗಲು ಶುರು. ಬೆಂಚಿನ ಆಚೆಯಿಂದ "ಅಪ್ಪಯ್ಯ, ಸಾಕ್" ಎನ್ನುವವಳು ಇರಲಿಲ್ಲ. ಸಾಕು ಎನ್ನುವವರಿಲ್ಲದೆ ನಾನು ಇನ್ನೂ ನಾಲ್ಕು ಹೇಳಿದೆ.

ನಿನ್ನೆ ಒಂದು ಸಣ್ಣ ಸಿಂಗಲ್ ಫೇಸ್ ಮೋಟಾರಿಗೆ ನಾನೇ ವೈಂಡಿಂಗ್ ಮಾಡಲು ಕೂತೆ. ಸುಟ್ಟ ಕಾಯಿಲನ್ನು ಕತ್ತರಿಸಿ ತೆಗೆದೆ, ತಂತಿ ಕೂರುವ ಸ್ಲಾಟುಗಳನ್ನು ಉಜ್ಜಿದೆ, ಇನ್ಸುಲೇಶನ್ ಕಾಗದ ಮಡಚಿ ಇಟ್ಟೆ. ಇಷ್ಟರವರೆಗೆ ನಾನು ಪಂಡಿತ. ತಂತಿ ಸುತ್ತಲು ಹೊರಟರೆ ಎಪ್ಪತ್ತಮೂರೋ ಎಪ್ಪತ್ತನಾಲ್ಕೋ ಎನ್ನುವಲ್ಲಿಗೆ ಯಾರೋ "ಹ್ವಾಯ್" ಎಂದರು, ಪುನಃ ಒಂದರಿಂದ. ನೀನು ಎಣಿಸುವಾಗ ತುಟಿ ಕೂಡ ಅಲ್ಲಾಡುತ್ತಿರಲಿಲ್ಲ. ತಂತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹರಿದು ಹೋಗುವಾಗ ಅದರ ಎನಾಮಲ್ ಲೇಪ ಎಲ್ಲಿ ಗೀರಿದೆ ಎಂದು ಆ ಎರಡು ಬೆರಳುಗಳೇ ನಿನಗೆ ಹೇಳುತ್ತಿದ್ದವು. ಕಣ್ಣಿಗೆ ಕಾಣದ ಗೀರು. ನಾನು ಮೂವತ್ತು ವರ್ಷ ಸುತ್ತಿದರೂ ನನ್ನ ಬೆರಳುಗಳು ನನ್ನೊಡನೆ ಅಷ್ಟು ಸಲಿಗೆಯಿಂದ ಮಾತಾಡಲಿಲ್ಲ.

ಸುಟ್ಟದ್ದೂ ಆ ಎರಡೇ ಬೆರಳು. ಚರ್ಮ ಬರುತ್ತದೆ, ಮುಟ್ಟಿದ್ದು ತಿಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರರು. ಈಗ ಹೇಗಿದೆ ಎಂದು ಅಕ್ಕನಲ್ಲಿ ಕೇಳಿದೆ. "ಬಿಸಿ ಚಾಯ ಲೋಟ ಹಿಡ್ಕಂಡ್ ಕೂತಿರ್ತ್ಳ್, ಸುಡುದೇ ಗೊತ್ತಾತಿಲ್ಲೆ ಅವ್ಳಿಗ್" ಎಂದಳು. ಫೋನಿಟ್ಟ ಮೇಲೆ ನಾನೂ ಒಂದು ಲೋಟ ಹಿಡಿದು ಕೂತೆ. ನನಗೆ ಚೆನ್ನಾಗಿಯೇ ಸುಟ್ಟಿತು.

ಅಂತೂ ಮೋಟಾರು ಜೋಡಿಸಿ ಸ್ವಿಚ್ಚು ಹಾಕಿದೆ. ಗುಂಯ್ ಎಂದಿತು, ತಿರುಗಲಿಲ್ಲ. ಸಿಂಗಲ್ ಫೇಸ್ ಮೋಟಾರಿಗೆ ಯಾವ ಕಡೆ ತಿರುಗಬೇಕೆಂದು ತಾನಾಗಿ ಗೊತ್ತಾಗುವುದಿಲ್ಲ. ಕೆಪಾಸಿಟರ್ ಎಂಬ ಡಬ್ಬಿ ಪಕ್ಕದ ಕಾಯಿಲಿಗೆ ಕರೆಂಟನ್ನು ಒಂದು ಹೆಜ್ಜೆ ಮುಂದಾಗಿ ಕಳಿಸಿ "ಈಚಿಗ್ ಬಾ" ಎಂದು ಕರೆಯಬೇಕು. ಕರೆಯುವವರು ಸತ್ತರೆ ಮೋಟಾರು ನಿಂತಲ್ಲೇ ಗುಂಯ್‌ಗುಟ್ಟುತ್ತದೆ. ಕರೆಂಟು ಒಳಗೆ ಬರುತ್ತದೆ, ಬಿಸಿ ಏರುತ್ತದೆ, ಓಟವಿಲ್ಲ. ಹಾಗೇ ಬಿಟ್ಟರೆ ಸುಡುತ್ತದೆ. ಇದನ್ನು ನಿನಗೆ ಏಳನೇ ಕ್ಲಾಸಿನಲ್ಲಿ ಹೇಳಿಕೊಟ್ಟವನು ನಾನೇ. ಬಿ.ಎಸ್ಸಿ. ಓದಿ ಮೇಷ್ಟರಾಗಬೇಕಿದ್ದವನಿಗೆ ಸಿಕ್ಕ ಒಬ್ಬಳೇ ವಿದ್ಯಾರ್ಥಿನಿ ನೀನು. ಹೊಸ ಕೆಪಾಸಿಟರ್ ಹಾಕಿದೆ, ಮೋಟಾರು ಓಡಿತು. ನನಗೆ ಹಾಕುವಂಥದ್ದು ಅಂಗಡಿಯಲ್ಲಿ ಸಿಗಲಿಲ್ಲ.

ಇಲ್ಲಿಗೆ ನಿಲ್ಲಿಸಿ ಊಟ ಮಾಡಿ ಬಂದೆ. ಬಡಿಸುತ್ತಾ ನಿನ್ನ ಅಮ್ಮ ಕೇಳಿದಳು:

"ಎಂತ, ಸೌಮ್ಯಂಗೆ ಕಾಗ್ದವಾ?"

"ಹೌದ್ ವನಜ."

"ಅದ್ ಬರದ್ರ್ಯಾ?"

"ಬರೀತೆ."

"ಬರೀತ್ರಿ, ಬರೀತ್ರಿ. ಬೆಲ್ಟ್, ಗ್ರೀಸ್ ಎಲ್ಲ ಬರೀತ್ರಿ" ಎಂದು ಸಾರಿನ ಪಾತ್ರೆ ಹಿಡಿದು ಒಳಗೆ ಹೋದಳು. ನಮ್ಮ ಸಂಸಾರ ನಿನಗೆ ಗೊತ್ತೇ ಇದೆ. ಅವಳು ಸ್ಟೇಟರ್, ಕೂತಲ್ಲಿಂದ ಕದಲುವುದಿಲ್ಲ. ನಾನು ರೋಟರ್, ಅವಳು ತಿರುಗಿಸಿದಷ್ಟು ತಿರುಗುತ್ತೇನೆ. ಇಬ್ಬರ ನಡುವೆ ಒಂದು ಕಾಗದದ ದಪ್ಪದಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಉಜ್ಜಿ ಕಿಡಿ ಹಾರುತ್ತದೆ. ಭಾನುವಾರದಿಂದ ಆ ಜಾಗ ಇಲ್ಲ.

ಸರಿ. ಫೆಬ್ರವರಿ ಇಪ್ಪತ್ತೊಂದರ ಬಗ್ಗೆ ನಾವಿಬ್ಬರೂ ಇದುವರೆಗೆ ಒಂದು ಮಾತೂ ಆಡಿಲ್ಲ. ನಾನು ನೆನಪಿಟ್ಟಂತೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ವಂಡ್ಸೆಯ ಚಂದಯ್ಯನವರ ತೋಟದ ಬಾವಿ. ನೀನು ಕಟ್ಟಿದ ಎರಡು ಎಚ್‌ಪಿ ಮೋಟಾರನ್ನು ಬಾವಿಯ ಒಳಮೆಟ್ಟಿಲಿನ ಮೇಲೆ ಕೂರಿಸಿ, ಹಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಕ್ಕುರುಗಾಲು ಹಾಕಿ ನೀನು ವಯರು ಜೋಡಿಸುತ್ತಿದ್ದೆ. ನಾನು ಮೇಲೆ ಸ್ವಿಚ್ ಬೋರ್ಡಿನ ಹತ್ತಿರ. ನಡುವೆ ಮುರಕಲ್ಲಿನ ಗೋಡೆ, ನೀನು ನನಗೆ ಕಾಣುವುದಿಲ್ಲ, ನಾನು ನಿನಗೆ ಕಾಣುವುದಿಲ್ಲ. ಅಪ್ಪಿತಪ್ಪಿಯೂ ಕರೆಂಟು ಬಾರದ ಹಾಗೆ, ಯಾರ ಕೈ ಮೋಟಾರಿನೊಳಗೆ ಇದೆಯೋ ಅವರ ಕಿಸೆಯಲ್ಲೇ ಫ್ಯೂಸು ಇರಬೇಕೆಂಬುದು ನೀನು ಅಂಗಡಿಗೆ ತಂದ ಕಾನೂನು. "ಫ್ಯೂಸ್ ಇತ್ಲಾಗ್ ಕೊಡಿ ಅಪ್ಪಯ್ಯ" ಎಂದು ಅವತ್ತೂ ಕೇಳಿದ್ದೆ. "ನನ್ನ ಕಿಸೆ ಎಂತ ತೂತಾ?" ಎಂದು ನಾನೇ ಇಟ್ಟುಕೊಂಡೆ. ಚಂದಯ್ಯನವರು ಎದುರಿಗೆ ನಿಂತಿದ್ದರು. ಅವರು ನಕ್ಕರು.

ಆಮೇಲೆ ಗೋಡೆಯ ಈಚೆಯಿಂದ ನಿನಗೆ ಕೇಳುವ ಹಾಗೆ ಒಂದು ಶ್ಲೇಷೆ ಹೇಳಿದೆ. ಅದು ಯಾವುದೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ ಮಗಾ. ಅಷ್ಟೇನೂ ಒಳ್ಳೆಯದಾಗಿರಲಿಲ್ಲ ಎಂದಾಯಿತು. ಫ್ಯೂಸು ಹಾಕಿದೆ. ಸ್ವಿಚ್ಚಿನ ಮೇಲೆ ಕೈ ಇಟ್ಟು ಕೂಗಿದೆ:

"ಅರ್ತ್ ಆಯ್ತಾ?"

ನೀನು ಕೂಗಿದೆ: "ಆಯ್ತ್, ಆಯ್ತ್!"

ನಾನು ಕೇಳಿದ್ದು ಆ ಹಸಿರು ತಂತಿಯ ಅರ್ತಿನ ವಿಷಯ. ಕರೆಂಟು ದಾರಿ ತಪ್ಪಿ ಮೋಟಾರಿನ ಮೈಗೆ ಬಂದರೆ, ಮುಟ್ಟಿದವರ ಮೈಗೆ ಹೋಗಲು ಬಿಡದೆ ಭೂಮಿಗೆ ಇಳಿಸುವ ತಂತಿ. ಅದನ್ನು ಬೋಲ್ಟಿಗೆ ಬಿಗಿದಾಯಿತೇ ಎಂದು ಕೇಳಿದೆ. ನೀನು ಹುಟ್ಟಿದಾಗಿನಿಂದ ನಾನು ಪ್ರತಿ ಶ್ಲೇಷೆಯ ಬಾಲಕ್ಕೂ "ಅರ್ಥ ಆಯ್ತಾ?" ಎಂದು ಕೇಳುತ್ತಾ ಬಂದಿದ್ದೇನೆ. ನೀನು ಮಾತು ಬಂದಾಗಿನಿಂದ, ನನ್ನ ಬಾಯಿ ಮುಚ್ಚಿಸಲಿಕ್ಕಾಗಿ "ಆಯ್ತ್, ಆಯ್ತ್" ಎನ್ನುತ್ತಾ ಬಂದಿದ್ದೀಯ. ನಮ್ಮ ಕಡೆಯವರಿಗೆ ಮಾತಿನ ಬಾಲ ಕತ್ತರಿಸದೆ ಆಡಿದರೆ ತೃಪ್ತಿಯಿಲ್ಲ. ಕೂಗಿ ಹೇಳುವಾಗ ಅರ್ಥವೂ ಅರ್ತೇ, ಅರ್ತೂ ಅರ್ತೇ. ಅವತ್ತೂ ನೀನು ಆಯ್ತೆಂದದ್ದು ಶ್ಲೇಷೆಗೆ. ಮೈಸೂರಿನವರಾಗಿದ್ದರೆ ಈ ಅನಾಹುತ ಆಗುತ್ತಿರಲಿಲ್ಲವೋ ಏನೋ.

ಮೋಟಾರಿನ ಮುಚ್ಚಳದ ಅಂಚಿಗೆ ಸಿಕ್ಕಿ ಒಂದು ವಯರಿನ ಹೊದಿಕೆ ಕತ್ತರಿಸಿ ಹೋಗಿತ್ತು. ಹಸಿರು ತಂತಿ ಇನ್ನೂ ನಿನ್ನ ಎಡಗೈಯಲ್ಲಿತ್ತು. ಬಲಗೈ ಮೋಟಾರಿನ ಮೇಲೆ. ಲೀಕೇಜ್ ಆದರೆ ತಾನಾಗಿ ಬೀಳುವ ಸ್ವಿಚ್ಚೊಂದು ಇರುತ್ತದಲ್ಲ, ಮಳೆಗಾಲದಲ್ಲಿ ಅದು ಮತ್ತೆ ಮತ್ತೆ ಬಿದ್ದು ಕಿರಿಕಿರಿ ಎಂದು ಚಂದಯ್ಯನವರು ಹೋದ ವರ್ಷವೇ ತೆಗೆಸಿದ್ದರು.

ನೀರು ಬಂತು ಮಗಾ. ಅದನ್ನು ಮಾತ್ರ ಮರೆಯಲಾಗುತ್ತಿಲ್ಲ. ಪೈಪಿನಲ್ಲಿ ದಪ್ಪ ಧಾರೆಯಾಗಿ ನೀರು ಬಿತ್ತು, ಮೋಟಾರು ಒಂದು ಚೂರೂ ಸದ್ದಿಲ್ಲದೆ ಓಡುತ್ತಿತ್ತು. ಮಗಳು ಕಟ್ಟಿದ್ದೆಂದರೆ ಹೀಗಿರಬೇಕೆಂದು ನಾನು ಗೋಡೆಯ ಈಚೆ ಎದೆಯುಬ್ಬಿಸಿ ನಿಂತಿದ್ದೆ. ಕೆಳಗೆ ಇಣುಕಿದ ಚಂದಯ್ಯನವರು "ಹ್ವಾಯ್ ಪ್ರೇಮಣ್ಣ, ಬಂದ್ ಮಾಡಿ! ಬಂದ್ ಮಾಡಿ!" ಎಂದು ಕೂಗಿದರು. ನೀರು ಸಾಕಾಯಿತು ಎನ್ನುತ್ತಿದ್ದಾರೆ ಎಂದುಕೊಂಡೆ. "ಇಷ್ಟ್ ಬೇಗ ಸಾಕಾಯ್ತಾ?" ಎಂದು ತಮಾಷೆಯಾಗಿ ಕೇಳಿ ಆಮೇಲೆ ಸ್ವಿಚ್ಚು ತೆಗೆದೆ. ಆ ಪ್ರಶ್ನೆ ಕೇಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ಈಗ ಗಡಿಯಾರ ಇಟ್ಟು ನೋಡಿದ್ದೇನೆ. ಎರಡು ಸೆಕೆಂಡು.

ತಪ್ಪು ನನ್ನದೂ ಅಲ್ಲ, ನಿನ್ನದೂ ಅಲ್ಲ, ಕನ್ನಡದ್ದು ಎಂದು ಒಂದು ವಾಕ್ಯ ಇಲ್ಲಿ ಬರೆದು ಮುಗಿಸಬೇಕೆಂದಿದ್ದೆ. ಬರೆದಾಗ ಚೆನ್ನಾಗಿಯೇ ಕಂಡಿತು.

ನಿನ್ನನ್ನು ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಆದರೂ ಕೇಳುತ್ತೇನೆ. ಬೆರಳು ಬಾರದಿದ್ದರೆ ಬಾರದಿರಲಿ. ನೀನು ಕುರ್ಚಿಯಲ್ಲಿ ಕೂತು ಹೇಳು, ನಾನು ಸುತ್ತುತ್ತೇನೆ. ಎಣಿಕೆ ನಿನ್ನದು, ತಂತಿ ನನ್ನದು. ಮೆಗ್ಗರ್ ತಿರುಗಿಸಿ ಇನ್ಸುಲೇಶನ್ ಸರಿ ಇದೆಯೋ ಇಲ್ಲವೋ ನೋಡಲು ಎಡಗೈ ಸಾಕು. ಫ್ಯೂಸು ನಿನ್ನ ಕಿಸೆಯಲ್ಲೇ ಇರುತ್ತದೆ, ಕೆಲಸ ಇದ್ದರೂ ಇಲ್ಲದಿದ್ದರೂ. ನೀನು ಬಾಯಿ ಮುಚ್ಚು ಎಂದ ದಿನ ಮುಚ್ಚುತ್ತೇನೆ. ಇದೆಲ್ಲ ಬೇಡವೆಂದಾದರೆ ಬಟ್ಟೆ ಅಂಗಡಿಗೇ ಹೋಗು, ನಾನು ತಡೆಯುವುದಿಲ್ಲ, ತಡೆಯುವ ದಾರಿಯೂ ನನಗೆ ಗೊತ್ತಿಲ್ಲ. ಟೂಲು ಮಾತ್ರ ಯಾರಿಗೂ ಕೊಡುವುದಿಲ್ಲ.

ಒಮ್ಮೆ ಗೇರುಮರದ ಬುಡಕ್ಕೆ ಬೇಡ, ಅಂಗಳಕ್ಕಾದರೂ ಬಂದು ನಿಲ್ಲು. ಅಕ್ಕ ಕಂಡು ಹೇಳುತ್ತಾಳೆ. ಬಿಸಿ ಲೋಟ ಎಡಗೈಯಲ್ಲಿ ಹಿಡಿ. ಗುರುನರಸಿಂಹ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನನ್ನ ಪಾಲಿನದ್ದು ಏನಾದರೂ ಅವನ ಹತ್ತಿರ ಉಳಿದಿದ್ದರೆ ಅದನ್ನೂ ನಿನಗೇ ಕೊಡಲಿ.

ನಿನ್ನ
ಅಪ್ಪಯ್ಯ
ಪ್ರೇಮಾನಂದ

ಸಹಿ ಹಾಕಿದ ಮೇಲೆ:

ಇದನ್ನು ಮೊದಲೇ ಬರೆಯಬೇಕಿತ್ತು. ಅಮ್ಮ "ಅದ್" ಎಂದದ್ದು ಇದನ್ನೇ.

ನೀನು ಯಾಕೆ ಮಾತು ಬಿಟ್ಟೆ ಎಂದು ನನಗೆ ಭಾನುವಾರ ಗೊತ್ತಾಯಿತು. ವನಜ ಹೇಳಿದಳು. ಅವಳಿಗೆ ನೀನು ಮಾರ್ಚಿನಲ್ಲೇ ಹೇಳಿದ್ದೆಯಂತೆ, ಅಪ್ಪಯ್ಯನಿಗೆ ಹೇಳಬಾರದೆಂದು ಮಾತು ತೆಗೆದುಕೊಂಡು. ನಡೆದದ್ದು ಆಸ್ಪತ್ರೆಯ ಮೂರನೇ ದಿನ. ಚಂದಯ್ಯನವರೂ ಭೋಜರಾಜನೂ ಎಳನೀರು ಹಿಡಿದು ಬಂದಿದ್ದರು. ನಿನ್ನ ಮಂಚಕ್ಕೆ ಪರದೆ ಎಳೆದಿತ್ತು. ಮದ್ದಿನ ಅಮಲಿಗೆ ನಿದ್ದೆ ಬಂದಿದೆ ಎಂದು ನಾನು ತಿಳಿದಿದ್ದೆ. "ಹ್ಯಾಂಗ್ ಆಯ್ತ್ ಪ್ರೇಮಣ್ಣ?" ಎಂದು ಭೋಜರಾಜ ಕೇಳಿದ. ನಾನು ಹೇಳಿದೆ:

"ಎಂತ ಮಾಡುದ್, ಅವ್ಳಿಗ್ ಅರ್ತ್ ಆಯ್ಲಿಲ್ಲೆ."

ನಕ್ಕರು. ಪಕ್ಕದ ಮಂಚದವರೂ ನಕ್ಕರು. ನಾನೂ ನಕ್ಕೆ. ನೀನು ಪರದೆಯ ಹಿಂದೆ ಎಚ್ಚರವಾಗಿದ್ದೆ.

ಆ ಮಾತು ನನಗಿಂತ ಮೊದಲು ಊರು ಮುಟ್ಟಿತು. ಹುಡುಗಿ ಅರ್ತ್ ಕೊಡಲು ಮರೆತಳಂತೆ ಎಂದು ಕೋಟದಿಂದ ವಂಡ್ಸೆಯವರೆಗೆ ಎಲ್ಲರೂ ಹೇಳಿದರು. ನಾನು ತಿದ್ದಲಿಲ್ಲ. ತಿದ್ದಿದರೆ ನೋಡದೆ ಸ್ವಿಚ್ಚು ಹಾಕಿದವನು ಯಾರೆಂದು ಕೇಳುತ್ತಿದ್ದರು. ಮೂರು ತಿಂಗಳು ನಿನ್ನ ಹೆಸರಿನ ಮರೆಯಲ್ಲಿ ನಿಂತು ಅಂಗಡಿ ನಡೆಸಿದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಂಡ್ಸೆಗೆ ಹೋದೆ. ಚಂದಯ್ಯನವರು ಜಗಲಿಯಲ್ಲಿ ಕೂತಿದ್ದರು. ನಿಂತೇ ಹೇಳಿದೆ: "ಚಂದಯ್ಯ, ಆ ದಿನದ್ ತಪ್ಪ್ ನಂದ್. ಸೌಮ್ಯಂದಲ್ಲ. ಅವ್ಳ್ ಫ್ಯೂಸ್ ಕೇಂಡಿದ್ಳ್, ನಾನ್ ಕೊಡ್ಲಿಲ್ಲೆ. ಇಳ್ದ್ ಕಾಣದೆ ಸ್ವಿಚ್ ಹಾಕಿದ್ದ್ ನಾನ್."

ಅವರು ಬೀಡ ಜಗಿಯುವುದನ್ನು ನಿಲ್ಲಿಸಿದರು. ಮುಖ ಅರಳಿಸಿ ಕಾದರು.

"ಹೂಂ. ಮುಂದೆ?"

"ಮುಂದೆ ಎಂತ ಇಲ್ಲೆ. ಇಷ್ಟೇ."

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ತೊಡೆ ತಟ್ಟಿ ನಗತೊಡಗಿದರು. "ಇದ್ರಾಗ್ ಎಂತದೋ ಇತ್ತ್, ನಂಗ್ ಹೊಳೀತಿಲ್ಲೆ. ನೀವ್ ಭಾರಿ ಜನ ಪ್ರೇಮಣ್ಣ!" ಎಂದರು. ಒಳಗಿದ್ದ ಹೆಂಡತಿಯನ್ನು ಕೂಗಿದರು. "ಹ್ವಾಯ್, ಬಾ ಇಲ್ಲಿ. ಪ್ರೇಮಣ್ಣ ಎಂತದೋ ಹೊಸ್ತ್ ಹೇಳ್ತಾ ಇದ್ರ್. ಇನ್ನೊಂದ್ ಸಲ ಹೇಳಿ, ಇವ್ಳೂ ಕೇಣ್ಲಿ."

ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿದರು. ನಾನು ಇನ್ನೊಂದು ಸಲ ಹೇಳಿದೆ. ಮೊದಲಿಗಿಂತ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ. ಹೇಳಿ ಮುಗಿದ ಮೇಲೂ ಇಬ್ಬರೂ ಅರ್ಧ ಬಾಯಿ ತೆರೆದು, ನಗಲು ತಯಾರಾಗಿ, ನನ್ನನ್ನೇ ನೋಡುತ್ತಾ ನಿಂತಿದ್ದರು.